ಮೂರು ತಿಂಗಳಲ್ಲಿ ಜರ್ಮನ್: ಕೆಲಸ ಬಿಟ್ಟು ಸೇರಬೇಕಾ?

ಕೊಪ್ಪದಿಂದ ಮಾತಾಡ್ತಾ ಇದ್ದೀನಿ. ಹೊರಗೆ ಜೋರು ಮಳೆ, ಮಧ್ಯೆ ಸದ್ದು ಬಂದ್ರೆ ಸ್ವಲ್ಪ ಹೊಂದಿಕೊಳ್ಳಿ.

ನರಸಿಂಹರಾಜಪುರದ ಕೇಳುಗರೊಬ್ಬರು ವಾಯ್ಸ್ ನೋಟ್ ಕಳಿಸಿದ್ದಾರೆ. ಶಿವಮೊಗ್ಗದಲ್ಲಿ ನರ್ಸ್. ಜರ್ಮನಿಗೆ ಹೋಗೋ ಆಸೆ. "ಸೊನ್ನೆಯಿಂದ ಬಿ2ವರೆಗೆ ಮೂರೇ ತಿಂಗಳು ಅಂತ ಒಂದು ಇಂಟೆನ್ಸಿವ್ ಕೋರ್ಸ್ ಇದೆ. ಕೆಲಸ ಬಿಟ್ಟು, ಅಮ್ಮನ ಬಳೆ ಅಡ ಇಟ್ಟು ಸೇರಲಾ?" ಅಂತ ಕೇಳಿದ್ದಾರೆ.

ನಾನು ಬಿಕಾಂ ಓದಿದವನು. ಹಾಗಾಗಿ ಮೊದಲು ಲೆಕ್ಕ ಹಾಕೋಣ.

ಜರ್ಮನಿಯಲ್ಲಿ ನರ್ಸ್ ಅಂತ ಮಾನ್ಯತೆ ಸಿಗೋಕೆ ಸಾಮಾನ್ಯವಾಗಿ ಬಿ2 ಕೇಳ್ತಾರೆ. ಎ1, ಎ2, ಬಿ1 ಆದಮೇಲೆ ಬರೋ ನಾಲ್ಕನೇ ಮೆಟ್ಟಿಲು ಅದು. ಬೆಂಗಳೂರಲ್ಲಿ ಮ್ಯಾಕ್ಸ್ ಮುಲ್ಲರ್ ಭವನ ಅಂತಾರಲ್ಲ, ಆ ಗಯಟೆ ಇನ್‌ಸ್ಟಿಟ್ಯೂಟಿನ ಅಂದಾಜಿನಲ್ಲಿ ಅಲ್ಲಿಗೆ ಮುಟ್ಟೋಕೆ 45 ನಿಮಿಷದ 600ರಿಂದ 800 ಪಾಠ ಬೇಕು. ಕಡಿಮೆ ಅಂದ್ರೂ 450 ಗಂಟೆ. ಭಾನುವಾರ ಬಿಟ್ಟು ಮೂರು ತಿಂಗಳಿಗೆ ಹಂಚಿದ್ರೆ ದಿನಕ್ಕೆ ಸುಮಾರು ಆರು ಗಂಟೆ ಪಾಠ. ಹೋಂವರ್ಕ್ ಬೇರೆ. ಊರಿಗೆ ಬಂದು ಆನ್‌ಲೈನ್ ಕೂರ್ತೀನಿ ಅಂದ್ರೆ, ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು, ನೆಟ್‌ವರ್ಕ್ ಕಥೆ ಗೊತ್ತಲ್ಲ ಮಾರಾಯ್ರೆ. ಎರಡು ದಿನ ಹೋದ್ರೆ ಹನ್ನೆರಡು ಗಂಟೆ ಪಾಠ ಹೋಯ್ತು.

ಶೃಂಗೇರಿ ಕಡೆಯವರಿಗೆ ಸಂಸ್ಕೃತ ಸಂಭಾಷಣಾ ಶಿಬಿರ ಗೊತ್ತಿರುತ್ತೆ. ಹತ್ತು ದಿನ, ದಿನಕ್ಕೆ ಎರಡು ಗಂಟೆ. ಮುಗಿಯೋ ಹೊತ್ತಿಗೆ ಹೆಸರು ಹೇಳ್ತೀವಿ, ನೀರು ಕೇಳ್ತೀವಿ, ಖುಷಿ ಆಗುತ್ತೆ. ಆದ್ರೆ ರಾತ್ರಿ ಪಾಳಿಯಲ್ಲಿ ರೋಗಿ ಎದೆ ಹಿಡ್ಕೊಂಡು ಏನೋ ಹೇಳ್ತಾ ಇದ್ರೆ, ಅದನ್ನ ಸರಿಯಾಗಿ ಕೇಳಿಸ್ಕೊಂಡು ಡಾಕ್ಟರಿಗೆ ತಿಳಿಸೋಕೆ ಅಷ್ಟು ಭಾಷೆ ಸಾಲಲ್ಲ. ಬಿ2 ಬರೀ ಸರ್ಟಿಫಿಕೇಟ್ ಅಲ್ಲ.

ಹಾಗಂತ ಇಂಟೆನ್ಸಿವ್ ಕೋರ್ಸೇ ಬೇಡ ಅಂತಲ್ಲ. ಶುರುವಿಗೇ ಬೇಡ. ಈಗ ಎ1ಗೆ ಮಾತ್ರ ದುಡ್ಡು ಕಟ್ಟಿ, ಶಿಫ್ಟ್‌ಗೆ ಹೊಂದೋ ಬ್ಯಾಚ್ ಹಿಡೀರಿ. ಪರೀಕ್ಷೆ ಬರೀರಿ. ಭಾಷೆ ಹಿಡಿಸ್ತಾ, ಡ್ಯೂಟಿ ಜೊತೆ ಓದೋಕೆ ಆಗುತ್ತಾ ಅಂತ ಆಗ ಗೊತ್ತಾಗುತ್ತೆ. ಬಿ1 ಪಾಸಾದ ಮೇಲೆ ಬಿ2ಗೆ ಇಂಟೆನ್ಸಿವ್ ಸೇರಿ. ಕೆಲಸ ಬಿಡೋದಿದ್ರೂ ಆಗಲೇ ಯೋಚಿಸಿ.

ಇನ್ನೊಂದು ವಿಷಯ. ಗಯಟೆ ಬಿ2 ಪರೀಕ್ಷೆಯಲ್ಲಿ ಓದು, ಆಲಿಸುವಿಕೆ, ಬರಹ, ಮಾತು ಅಂತ ನಾಲ್ಕು ಭಾಗ. ಪ್ರತಿಯೊಂದರಲ್ಲೂ 100ಕ್ಕೆ 60 ಬರಬೇಕು. ಒಂದು ಹೋದ್ರೆ ಅದನ್ನಷ್ಟೇ ಮತ್ತೆ ಬರೀಬಹುದು. ಅದರ ಫೀಸನ್ನೂ ಈಗಲೇ ಲೆಕ್ಕಕ್ಕೆ ಸೇರಿಸ್ಕೊಳ್ಳಿ.

ಸದ್ಯಕ್ಕೆ ಬಳೆ ಅಮ್ಮನ ಕೈಯಲ್ಲೇ ಇರಲಿ. ಎ1 ರಿಸಲ್ಟ್ ಬಂದಾಗ ಇನ್ನೊಂದು ವಾಯ್ಸ್ ನೋಟ್ ಕಳಿಸಿ, ಮುಂದಿನ ಲೆಕ್ಕ ಆಗ ಹಾಕೋಣ.