ವಿಷಧಾರಣ ಧರ್ಮ

(ಶ್ರೀಮಠದ ಸುವರ್ಣ ಮಹೋತ್ಸವದ ನಿಮಿತ್ತ ಹಟ್ಟಿಯಂಗಡಿಯಲ್ಲಿ ನೆರೆದ ಶಿಷ್ಯಸಭೆಯಲ್ಲಿ ಮಾಡಿದ ಉಪನ್ಯಾಸ)



ಸಮುದ್ರಮಥನದಲ್ಲಿ ಹಾಲಾಹಲವು ಹುಟ್ಟಲು ದೇವದಾನವರೆಲ್ಲರೂ ಓಡಿದರು, ಪರಶಿವನೊಬ್ಬನೇ ನಿಂತನು. ಈ ಕಥೆಯನ್ನರಿಯದವರು ನಮ್ಮಲ್ಲಿಲ್ಲ. ಆದರೆ ಅದರೊಳಗೊಂದು ಸೂಕ್ಷ್ಮವುಂಟು. ಶಿವನು ವಿಷವನ್ನು ಉದರಕ್ಕಿಳಿಸಲೂ ಇಲ್ಲ, ಹೊರಗೆ ಉಗುಳಲೂ ಇಲ್ಲ, ಕಂಠದಲ್ಲಿಯೇ ಧರಿಸಿದನು. ವಿಷವು ಎದುರಾದಾಗ ಮಾಡತಕ್ಕ ಮೊದಲ ಕಾರ್ಯವು ಎಸೆಯುವುದಲ್ಲ, ಹೂಳುವುದೂ ಅಲ್ಲ. ಹರಡದಂತೆ ಹಿಡಿದು ನಿಲ್ಲಿಸುವುದು. ಇದೇ ನೀಲಕಂಠನಾಮದ ತಾತ್ಪರ್ಯವೆಂದು ನಾನು ತಿಳಿದಿದ್ದೇನೆ.

ಇದು ಪುರಾಣದ ಮಾತಾಯಿತು. ನಮ್ಮ ಕರಾವಳಿಯಲ್ಲಿಯೇ ನಡೆದ ಸಂಗತಿಯನ್ನು ನೋಡೋಣ. ಗೇರುಮರಗಳನ್ನು ಬಾಧಿಸುವ ಟೀ ಸೊಳ್ಳೆಯೆಂಬ ಕೀಟವನ್ನು ಕೊಲ್ಲುವುದಕ್ಕಾಗಿ ಕಾಸರಗೋಡಿನ ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ನೆಯ ಇಸವಿಯವರೆಗೆ ಎಂಡೋಸಲ್ಫಾನ್ ಎಂಬ ಔಷಧಿಯನ್ನು ಹೆಲಿಕಾಪ್ಟರಿನಿಂದ ಸಿಂಪಡಿಸಿದರು. ಬೆಳ್ತಂಗಡಿಯ ಕೊಕ್ಕಡ, ಪಟ್ರಮೆ, ನಿಡ್ಲೆ ಗ್ರಾಮಗಳ ಕಡೆಯೂ ಹೀಗೆಯೇ ಆಯಿತು. ಅಂಗವಿಕಲರಾಗಿಯೂ ಬುದ್ಧಿ ಬೆಳೆಯದೆಯೂ ಹುಟ್ಟಿದ ಮಕ್ಕಳ ತಾಯಂದಿರ ಸಂಕಟವನ್ನು ನಾನು ವರ್ಣಿಸಬೇಕಾದ್ದಿಲ್ಲ. 2011ನೆಯ ಏಪ್ರಿಲಿನಲ್ಲಿ ಜಿನೀವದ ಸಮ್ಮೇಳನವು ಈ ವಿಷವನ್ನು ಲೋಕದಿಂದಲೇ ತೊಲಗಿಸಬೇಕಾದವುಗಳ ಪಟ್ಟಿಗೆ ಸೇರಿಸಿತು. ಮೇ 13ರಂದು ನಮ್ಮ ಸರ್ವೋಚ್ಚ ನ್ಯಾಯಾಲಯವು ಅದನ್ನು ತಡೆಯಿತು.

ಸಿಂಪಡಿಸುವುದೇನೋ ನಿಂತಿತು, ಉಳಿದ ವಿಷದ ಗತಿಯೇನು? ಪೆರಿಯ, ರಾಜಪುರಂ, ಚೀಮೇನಿಗಳ ಗೋದಾಮುಗಳಲ್ಲಿ ಅದು ಪೀಪಾಯಿಗಳಲ್ಲಿಯೇ ಇದ್ದಿತು. ಕಾಲಾಂತರದಲ್ಲಿ ಪೀಪಾಯಿಗಳು ಜೀರ್ಣವಾಗಿ ಸೋರಿದುವು. 2012ರಲ್ಲಿ ತಜ್ಞರು ಬಂದು, ಕೈಗವಸು ಮುಖಗವಸುಗಳನ್ನು ಧರಿಸಿದ ಕೆಲಸಗಾರರಿಂದ, ಅದನ್ನು ಗಟ್ಟಿಯಾದ ಪ್ಲಾಸ್ಟಿಕ್ ಪೀಪಾಯಿಗಳಿಗೆ ವರ್ಗಾಯಿಸಿದರು. ಇದು ಧಾರಣೆಯ ಮಾರ್ಗ. ಇನ್ನೊಂದೆಡೆ, ಗಡಿಯ ನೆಟ್ಟಣಿಗೆ ಗ್ರಾಮದ ಮಿಂಚಿನಪದವಿನಲ್ಲಿ ಉಳಿದ ವಿಷವನ್ನು ಪಾಳುಬಾವಿಗೆ ಹಾಕಿ ಮಣ್ಣು ಮುಚ್ಚಿದರೆಂಬ ದೂರು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದವರೆಗೆ ಹೋಯಿತು. ಇದು ಮರೆಮಾಚುವ ಮಾರ್ಗ. ನಮ್ಮದು ಮುರಕಲ್ಲಿನ ನೆಲ, ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕ ಮಳೆ. ರಂಧ್ರಮಯವಾದ ಇಂಥ ಕಲ್ಲಿನೊಳಗೆ ಹೂಳಿದ್ದು ಹೂಳಿದಲ್ಲಿಯೇ ಇರುವುದೆಂದು ಹೇಳಬಲ್ಲವರಾರು? ಒಬ್ಬರ ಹಿತ್ತಿಲ ಹೊಂಡವು ಇನ್ನೊಬ್ಬರ ಬಾವಿಗೆ ದೂರವಲ್ಲ.

ಹಾಗಾದರೆ ಧರಿಸುವ ಕ್ರಮವೆಂತು? ಮೊದಲನೆಯದಾಗಿ, ಪಾತ್ರೆಯು ಒಳಗಿನ ವಸ್ತುವಿಗೆ ಸಹಿಷ್ಣುವಾಗಿರಬೇಕು. ಬಿಸಿಲಿಗೆ ದ್ರವವು ಉಬ್ಬುವುದರಿಂದ ಕಂಠಪೂರ್ತಿ ತುಂಬಕೂಡದು. ಎರಡನೆಯದಾಗಿ, ನೀರು ಇಂಗದ ಗಚ್ಚುನೆಲವೂ, ಮೇಲೆ ಮಾಡೂ, ಸುತ್ತ ಕಟ್ಟೆಯೂ ಬೇಕು. ಎಲ್ಲಕ್ಕಿಂತ ದೊಡ್ಡ ಪೀಪಾಯಿಯೊಂದು ಒಡೆದರೂ ಕಟ್ಟೆಯೊಳಗೇ ನಿಲ್ಲುವಂತಿರಬೇಕು. ಮೂರನೆಯದಾಗಿ, ವಿರೋಧಿಗಳನ್ನು ಜತೆಗಿಡಕೂಡದು. ಸಯನೈಡಿಗೆ ಆಮ್ಲವು ತಗಲಿದರೆ ಪ್ರಾಣಹಾರಿಯಾದ ಅನಿಲವೇಳುವುದು. ನಾಲ್ಕನೆಯದಾಗಿ, ಒಳಗಿರುವುದೇನು, ಎಂದಿನಿಂದ ಇದೆ, ಯಾರದು ಎಂಬ ಚೀಟಿಯಿರಬೇಕು. ಹೆಸರಿಲ್ಲದ ಪೀಪಾಯಿಯು ಎಲ್ಲಕ್ಕಿಂತ ಅಪಾಯಕರ.

ಧಾರಣೆಯೂ ಅನಂತಕಾಲಕ್ಕಲ್ಲ. 2016ರ ನಮ್ಮ ದೇಶದ ನಿಯಮವು ಇಂಥ ತ್ಯಾಜ್ಯವನ್ನು ಹುಟ್ಟಿಸಿದವರು ಸಾಮಾನ್ಯವಾಗಿ 90 ದಿನಗಳಿಗಿಂತ ಹೆಚ್ಚು ಇಟ್ಟುಕೊಳ್ಳಬಾರದೆನ್ನುತ್ತದೆ. ಆದರೆ 1984ರಲ್ಲಿ ದುರಂತ ನಡೆದ ಭೋಪಾಲದ ಕಾರ್ಖಾನೆಯ 337 ಟನ್ ತ್ಯಾಜ್ಯವು ಅಲ್ಲಿಂದ ಹೊರಟದ್ದು 2025ರ ಜನವರಿಯಲ್ಲಿ. ಮುಚ್ಚಿದ 12 ಪೆಟ್ಟಿಗೆಗಳಲ್ಲಿ ಪೀಥಂಪುರಕ್ಕೆ ಒಯ್ದು ಸುಟ್ಟರು. ಕೆಲಸವು ಕೆಲವು ತಿಂಗಳದು, ವಿಳಂಬವು ನಾಲ್ವತ್ತು ವರ್ಷದ್ದು! ಸುಡುವುದೂ ಬಚ್ಚಲೊಲೆಯ ಮಾತಲ್ಲ. ಕ್ಲೋರಿನ್ನಿರುವ ವಿಷವನ್ನು ಸಾಲದ ಬೆಂಕಿಯಲ್ಲಿ ಸುಟ್ಟರೆ ಅದಕ್ಕಿಂತಲೂ ಕ್ರೂರವಾದ ಡಯಾಕ್ಸಿನ್ ಹುಟ್ಟುತ್ತದೆ. 1100 ಡಿಗ್ರಿಯಷ್ಟು ಉಷ್ಣದ ಕುಲುಮೆಯೇ ಬೇಕು.

ಇನ್ನು ಮುಖ್ಯವಾದ ಮಾತು. ಕಾಯಕವೆಂಬ ಶಬ್ದದಲ್ಲಿಯೇ ಕಾಯವಿದೆ. ಸೋರುವ ಪೀಪಾಯಿಯನ್ನು ಬರಿಗೈಯಿಂದ ಎತ್ತಿಸಿ ಬಡವನ ಕಾಯವನ್ನು ಕೆಡಿಸುವ ಕೆಲಸಕ್ಕೆ ಕಾಯಕವೆಂಬ ಪವಿತ್ರನಾಮವು ಸಲ್ಲದು. ಲೋಕದ ವಿಷವನ್ನು ತೆಗೆಯುವವನು ನಮ್ಮ ಕಣ್ಣಿಗೆ ಕೀಳಾದವನೆ? ಹರನ ಕಾರ್ಯವನ್ನು ಮಾಡುವವನು ಅವನು. ಅವನಿಗೆ ಕವಚವನ್ನೂ ಶಿಕ್ಷಣವನ್ನೂ ತಕ್ಕ ಕೂಲಿಯನ್ನೂ ಕೊಟ್ಟು ಕೆಲಸ ಮಾಡಿಸುವುದೇ ಸದಾಚಾರ. ಊರಿನ ನೀರು ಕೆಡುವಾಗ ಸುಮ್ಮನಿರದೆ ಎದ್ದು ಕೇಳುವುದೇ ಗಣಾಚಾರ.

ದೂರದ ಗೋದಾಮುಗಳ ಮಾತು ನಮಗೇಕೆಂದು ಯಾರೂ ಎಣಿಸಬೇಡಿರಿ. ನಿಮ್ಮ ನಿಮ್ಮ ಅಟ್ಟದ ಮೂಲೆಗಳನ್ನು ನೋಡಿಕೊಳ್ಳಿರಿ. ಔಷಧಿಯ ಡಬ್ಬಿಯನ್ನು ತೊಳೆದು ಎಣ್ಣೆಗೋ ನೀರಿಗೋ ಬಳಸಬೇಡಿರಿ. ಮೂರು ಸಲ ಗಲಬರಿಸಿ, ಆ ನೀರನ್ನು ಸಿಂಪಡಿಸುವ ದ್ರಾವಣಕ್ಕೇ ಸೇರಿಸಿ, ಡಬ್ಬಿಗೆ ತೂತು ಮಾಡಿ ಬೇರೆಯಿಡಿರಿ. ಅವಧಿ ಮೀರಿದ ಔಷಧಿಯನ್ನು ತೋಡಿಗೆ ಸುರಿಯದೆ, ಮಕ್ಕಳ ಕೈಗೆ ಸಿಕ್ಕದಂತೆ ಬೀಗದೊಳಗಿಟ್ಟು, ರೈತ ಸಂಪರ್ಕ ಕೇಂದ್ರದವರನ್ನು ವಿಚಾರಿಸಿರಿ. ಇಲ್ಲಿಯ ತೋಡುಗಳ ನೀರು ವಾರಾಹಿಗೆ ಹೋಗುತ್ತದೆ. ವಾರಾಹಿಯು ಕುಂದಾಪುರದ ಅಳಿವೆಯಲ್ಲಿ ಕಡಲನ್ನು ಸೇರುತ್ತದೆ. ನಾವು ಚೆಲ್ಲಿದ್ದನ್ನು ಕೆಳಗಿನವರು ಕುಡಿಯಬೇಕು, ಮೀನುಗಾರರು ಉಣ್ಣಬೇಕು.

ನಾವು ಹುಟ್ಟಿಸಿದ ವಿಷಕ್ಕೆ ನಾವೇ ಕಾವಲಿರುವ ಬುದ್ಧಿಯನ್ನು ಪರಶಿವನು ನಮಗೆಲ್ಲರಿಗೂ ದಯಪಾಲಿಸಲಿ. ಸರ್ವೇ ಜನಾಃ ಸುಖಿನೋ ಭವಂತು.