ಕಿತ್ತೂರಿನ ಉಪ್ಪು
(ಹಲಸೂರಿನ ಸಭೆಯೊಂದರಲ್ಲಿ ಮಾಡಿದ ಭಾಷಣ)



‘ಕಿತ್ತೂರು ಚೆನ್ನಮ್ಮ’ ಚಲಚ್ಚಿತ್ರವನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ತಾವು ಅಪ್ಪಣೆ ಮಾಡಿದ್ದೀರಿ. ಆ ವಿಷಯಕ್ಕೆ ಈ ಸ್ಥಳವು ತಕ್ಕದ್ದೇ ಆಗಿದೆ. 1809ರಲ್ಲಿ ಇಂಗ್ಲಿಷರ ದಂಡು ಬೀಡುಬಿಟ್ಟ ಈ ನೆಲವು ಮೈಸೂರಿನ ಆಳ್ವಿಕೆಗೆ ಮರಳಿದುದು 1947ರ ಜುಲೈ ತಿಂಗಳಿನಲ್ಲಷ್ಟೆ.

ಚಿತ್ರವು ಹೊರಬಂದುದು 1961ರಲ್ಲಿ. ಕನ್ನಡನಾಡು ಒಂದಾಗಿ ಆಗ ಐದು ವರ್ಷ. ಅದಕ್ಕೆ ಮೊದಲು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಿತ್ತೂರಿನ ಕಥೆಯನ್ನು ಕೋಲಾರ ಸೀಮೆಯ ಬಿ. ಆರ್. ಪಂತುಲು ಅವರು ನಿರ್ದೇಶಿಸಿದರು. ಬೆಂಗಳೂರಿನಲ್ಲಿ ಹುಟ್ಟಿದ ಬಿ. ಸರೋಜಾದೇವಿಯವರು ರಾಣಿಯಾದರು. ಪ್ರಾಂತಗಳ ಗೆರೆಯನ್ನು ಕಾಯಿದೆಯು ಅಳಿಸಬಲ್ಲುದು. ಆ ಸೀಮೆಯ ಶೋಕವನ್ನು ಈ ಸೀಮೆಯವರದನ್ನಾಗಿ ಮಾಡುವುದಕ್ಕೆ ಇಂಥ ಕೃತಿಯೇ ಬೇಕಾಯಿತು.

ಕಥೆಯನ್ನು ತಾವು ಬಲ್ಲಿರಿ. 1824ರಲ್ಲಿ ದೇಸಾಯಿ ಶಿವಲಿಂಗರುದ್ರಸರ್ಜನು ತೀರಿಕೊಂಡಾಗ ಕಂಪೆನಿಯವರು ದತ್ತಕವನ್ನು ಒಪ್ಪಲಿಲ್ಲ. (ಡಾಲ್‌ಹೌಸಿಯು ಗವರ್ನರ್ ಜನರಲನಾದುದು 1848ರಲ್ಲಿ, ದತ್ತಕದ ಅನ್ಯಾಯವೆಲ್ಲ ಅವನೊಬ್ಬನದೆಂದು ನಂಬಿದವರಿಗಾಗಿ, ವಕೀಲನಾದ ನಾನು ಇದನ್ನು ಹೇಳದಿರಲಾರೆ.) ಅಕ್ಟೋಬರ್ 23ರಂದು ಥ್ಯಾಕರೆಯು ಹತನಾದನು. ಸೆರೆಸಿಕ್ಕ ಸ್ಟೀವನ್‌ಸನ್, ಎಲಿಯಟ್ ಎಂಬ ಅಧಿಕಾರಿಗಳನ್ನು ರಾಣಿಯು ಕೊಲ್ಲಿಸದೆ ಕಾಪಾಡಿ, ಬಳಿಕ ಬಿಟ್ಟುಕೊಟ್ಟಳು. ಆದರೂ ಡಿಸೆಂಬರಿನಲ್ಲಿ ಕೋಟೆ ಬಿದ್ದಿತು.

ನನ್ನ ಮನಸ್ಸು ನಿಲ್ಲುವುದು ಆಮೇಲಿನ ಭಾಗದಲ್ಲಿ. ರಾಣಿಯು ಬೈಲಹೊಂಗಲದ ಸೆರೆಯಲ್ಲಿ 1829ರ ಫೆಬ್ರುವರಿಯಲ್ಲಿ ಮಡಿದಳು. ಇನ್ನು ಸಂಬಳ ಕೊಡುವವರಿಲ್ಲ, ಅಪ್ಪಣೆ ಕೊಡುವವರೂ ಇಲ್ಲ. ಆಗ ಶೇತಸನದಿಯೆಂಬ ಸಣ್ಣ ಚಾಕರಿಯ ಸಂಗೊಳ್ಳಿ ರಾಯಣ್ಣನು, ದತ್ತುಮಗನ ಪಕ್ಷವಹಿಸಿ, ಬಡವರನ್ನು ಕೂಡಿಸಿ, ಸರಕಾರದ ಕಚೇರಿಗಳನ್ನು ಸುಟ್ಟನು. ಇಲ್ಲದ ಒಡತಿಗೆ ಸಲ್ಲಿಸಿದ ಈ ಸೇವೆಯೇ ನನಗೆ ನಿಷ್ಠೆಯೆನಿಸುತ್ತದೆ. ಅವನನ್ನು ಮೋಸದಿಂದ ಹಿಡಿದುಕೊಟ್ಟವರು ನಮ್ಮವರೇ. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ನೇಣಿಗೇರಿಸಿದರು.

ಕಂಪೆನಿಯ ಸಿಪಾಯಿಗಳೂ ಬಹುಮಟ್ಟಿಗೆ ಈ ದೇಶದವರೇ. ಉಂಡ ಉಪ್ಪಿಗೆ ದುಡಿದೆವೆಂದೇ ಅವರೂ ತಿಳಿದಿದ್ದರು. ಸ್ಯಾಪರ್ಸ್ ದಳದ ನೆರೆಯಾದ ಹಲಸೂರಿನಲ್ಲಿ ಇದನ್ನು ನಿಂದೆಯಾಗಿ ಆಡುತ್ತಿಲ್ಲ. ಅವರ ಶೌರ್ಯವು ನಿಜ. ಆದರೆ ಆ ಉಪ್ಪು ಯಾರ ನೆಲದ ಕಂದಾಯದಿಂದ ಬಂದಿತೆಂಬುದನ್ನು ಅವರಿಗೆ ಹೇಳಿದವರುಂಟೆ? ರಾಯಣ್ಣನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಉಪಾಧ್ಯಾಯರಲ್ಲಿ ನನ್ನದೊಂದು ಬಿನ್ನಹ. ಮಕ್ಕಳಿಗೆ ಚಿತ್ರವನ್ನು ತೋರಿಸಿದ ಮರುದಿನವೇ ಭೂಪಟವನ್ನು ಬಿಡಿಸಿ, ಕಿತ್ತೂರು, ಬೈಲಹೊಂಗಲ, ನಂದಗಡಗಳನ್ನು ಅವರ ಕೈಯಿಂದಲೇ ಗುರುತು ಮಾಡಿಸಿರಿ. ಬೆಂಗಳೂರಿನ ದೊಡ್ಡ ರೈಲು ನಿಲ್ದಾಣಕ್ಕೆ ಈಗ ರಾಯಣ್ಣನ ಹೆಸರಿದೆ. ಅವನು ಯಾರೆಂದು, ಯಾರಿಗಾಗಿ ಸತ್ತನೆಂದು ಅವರನ್ನೇ ಕೇಳಿನೋಡಿರಿ.