ಹಳೆಯ ಯಂತ್ರಕ್ಕೆ ನ್ಯಾಯದ ಬೆಲೆ

ಹೊಸ ವಸ್ತುವನ್ನು ಕೊಳ್ಳಲು ಹಣವೊಂದಿದ್ದರೆ ಸಾಕು. ಹಳೆಯದನ್ನು ಕೊಳ್ಳಲು ಹಣದ ಜೊತೆಗೆ ಕಣ್ಣು, ಕಿವಿ, ತಾಳ್ಮೆ ಈ ಮೂರೂ ಬೇಕು. ಹೊಸದರ ಬೆಲೆಯನ್ನು ಅಂಗಡಿಯವನು ಚೀಟಿಯ ಮೇಲೆ ಬರೆದು ಅಂಟಿಸಿರುತ್ತಾನೆ. ಹಳೆಯದರ ಬೆಲೆ ಎಲ್ಲಿಯೂ ಬರೆದಿರುವುದಿಲ್ಲ. ಮಾರುವವರೂ ಕೊಳ್ಳುವವರೂ ಎದುರುಬದುರಾಗಿ ಕುಳಿತು ಅದನ್ನು ಕಂಡುಹಿಡಿಯಬೇಕು. ಹಾಗೆ ಕಂಡುಹಿಡಿದ ಬೆಲೆ ನ್ಯಾಯವಾದುದೇ ಎಂದು ತಿಳಿಯುವ ಬಗೆ ಯಾವುದು? ಕೇಳುಗರೇ, ಈ ಪ್ರಶ್ನೆಯನ್ನು ನಾನು ಈಚೆಗೆ ಒಂದು ವಿಚಿತ್ರ ಪದಾರ್ಥದ ನಿಮಿತ್ತವಾಗಿ ಎದುರಿಸಬೇಕಾಯಿತು. ಮನೆಯೊಳಗೆ ಕುಳಿತು ದೋಣಿಯ ಹುಟ್ಟು ಹಾಕುವ ಯಂತ್ರವೇ ಆ ಪದಾರ್ಥ. ವ್ಯಾಯಾಮಶಾಲೆಗಳಲ್ಲಿ ಇದಕ್ಕೆ ರೋಯಿಂಗ್ ಮೆಷಿನ್ ಎಂದು ಹೆಸರು.

ನನ್ನ ವಾಸ ಆವತಿಯಲ್ಲಿ. ದೇವನಹಳ್ಳಿಯಿಂದ ಚಿಕ್ಕಬಳ್ಳಾಪುರಕ್ಕೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿ, ಬೆಟ್ಟದ ಆಸರೆಯಲ್ಲಿರುವ ಊರು ಇದು. ಕಂಚಿಯ ಕಡೆಯಿಂದ ವಲಸೆ ಬಂದ ರಣಭೈರೇಗೌಡನ ಮನೆತನ ಇಲ್ಲಿ ನೆಲೆನಿಂತು ಆವತಿ ನಾಡಪ್ರಭುಗಳೆಂದು ಹೆಸರಾಯಿತು. ಆ ವಂಶದ ಮಲ್ಲಭೈರೇಗೌಡನು 1501ರಲ್ಲಿ ದೇವನಹಳ್ಳಿಯಲ್ಲಿ ಮಣ್ಣಿನ ಕೋಟೆಯನ್ನು ಕಟ್ಟಿಸಿದನು. ಇಷ್ಟೆಲ್ಲ ಚರಿತ್ರೆಯುಳ್ಳ ಊರಿಗೆ ದೋಣಿ ತೇಲುವ ಒಂದು ಹೊಳೆ ಮಾತ್ರ ಇಲ್ಲ. ಕಣ್ಣೆದುರಿಗೆ ಕಾಣುವ ನಂದಿಬೆಟ್ಟದ ಸೀಮೆಯಲ್ಲಿ ಅರ್ಕಾವತಿಯೂ ಪಿನಾಕಿನಿಗಳೂ ಹುಟ್ಟುತ್ತವೆ. ಹುಟ್ಟಿದ ಮನೆಯನ್ನು ಬಿಟ್ಟು ಹೋಗುವ ಹೆಣ್ಣುಮಕ್ಕಳ ಹಾಗೆ ನಮ್ಮನ್ನು ಬಿಟ್ಟು ಹೋಗುತ್ತವೆ. ನಮಗೆ ಉಳಿಯುವುದು ಸಾವಿರ ಅಡಿಗೂ ಮೀರಿ ಇಳಿದ ಕೊಳವೆಬಾವಿಗಳು. ಅಂಥ ಊರಿನಲ್ಲಿ ಹುಟ್ಟು ಹಾಕಲು ಹೊರಟವನನ್ನು ಕಂಡು ನೆರೆಯವರು ನಕ್ಕರೆ ಅದರಲ್ಲಿ ಅಚ್ಚರಿಯಿಲ್ಲ.

ಆದರೆ ನೀರಿಲ್ಲದ ಕಡೆ ಹುಟ್ಟು ಹಾಕುವುದು ಬಹು ಹಳೆಯ ವಿದ್ಯೆ. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ ಅಥೆನ್ಸ್ ನಗರದ ದಂಡನಾಯಕ ಕಾಬ್ರಿಯಾಸನು ಹೊಸ ನಾವಿಕರನ್ನು ದಡದ ಮೇಲೆಯೇ ಮರದ ಚೌಕಟ್ಟುಗಳಲ್ಲಿ ಕೂರಿಸಿ ಹುಟ್ಟು ಹಾಕುವುದನ್ನು ಕಲಿಸಿದನೆಂದು ಪ್ರಾಚೀನರು ಬರೆದಿಟ್ಟಿದ್ದಾರೆ. ನಮ್ಮ ಕಾಲದಲ್ಲಿ ಅಮೆರಿಕದ ವರ್ಮಾಂಟ್ ಪ್ರಾಂತದಲ್ಲಿ ಡ್ರೈಸಿಗಾಕರ್ ಎಂಬ ಮನೆತನದ ಅಣ್ಣತಮ್ಮಂದಿರು 1976ರಲ್ಲಿ ಹುಟ್ಟುಗಳನ್ನು ತಯಾರಿಸುವ ಕಾನ್ಸೆಪ್ಟ್ ಟು ಎಂಬ ಉದ್ಯಮವನ್ನು ಆರಂಭಿಸಿ, 1981ರಲ್ಲಿ ಸೈಕಲ್ಲಿನ ಚಕ್ರಕ್ಕೆ ರೆಕ್ಕೆಗಳನ್ನು ಕಟ್ಟಿ ಗಾಳಿಯನ್ನು ಕಡೆಯುವ ಯಂತ್ರವನ್ನು ರೂಪಿಸಿದರು. ಇಂದಿನ ವ್ಯಾಯಾಮಶಾಲೆಗಳ ಬಹುಪಾಲು ಯಂತ್ರಗಳು ಆ ಸೈಕಲ್ ಚಕ್ರದ ಸಂತಾನವೇ. ನೀರಿಲ್ಲದ ಊರು ಎಂದೆನಲ್ಲವೆ? ನಾಸಿಕ್ ಜಿಲ್ಲೆಯ ಬರಗಾಲದ ಹಳ್ಳಿಯೊಂದರಲ್ಲಿ ಬಾವಿ ತೋಡುವ ಕೆಲಸ ಮಾಡಿ ಬೆಳೆದ ದತ್ತು ಭೋಕನಾಳ್ ಎಂಬ ತರುಣನು ಸೈನ್ಯಕ್ಕೆ ಸೇರಿದ ಮೇಲೆಯೇ ಹುಟ್ಟು ಹಿಡಿದದ್ದು. ಆತ 2016ರ ರಿಯೊ ಒಲಿಂಪಿಕ್ಸಿನಲ್ಲಿ ಒಬ್ಬನೇ ನಡೆಸುವ ದೋಣಿಯ ಸ್ಪರ್ಧೆಯಲ್ಲಿ ಹದಿಮೂರನೆಯ ಸ್ಥಾನ ಪಡೆದನು. 2018ರ ಏಷ್ಯನ್ ಕ್ರೀಡಾಕೂಟದಲ್ಲಿ ನಾಲ್ವರ ತಂಡದೊಡನೆ ಚಿನ್ನದ ಪದಕ ಗೆದ್ದನು.

ನನ್ನ ಅಗತ್ಯ ಇವರೆಲ್ಲರಿಗಿಂತ ಸಣ್ಣದು. ನಿವೃತ್ತಿಯ ವಯಸ್ಸು ದಾಟಿದ ಮೇಲೆ ವೈದ್ಯರು ದಿನವೂ ಅರ್ಧ ಗಂಟೆ ಬೆವರಬೇಕೆಂದರು. 2008ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ನಮ್ಮ ಸೀಮೆಯ ರಸ್ತೆಗಳು ವಾಹನಗಳಿಗೆ ಮೀಸಲಾಗಿವೆ. ಬೆಟ್ಟ ಹತ್ತಲು ಮಂಡಿ ಒಪ್ಪುವುದಿಲ್ಲ. ಹುಟ್ಟು ಹಾಕುವಾಗ ದೇಹದ ಭಾರವನ್ನು ಪೀಠ ಹೊರುತ್ತದೆ. ಮೊದಲು ಕಾಲು, ಆಮೇಲೆ ಬೆನ್ನು, ಕೊನೆಗೆ ತೋಳು ಎಳೆಯುತ್ತವೆ. ಮರಳುವಾಗ ತೋಳು, ಬೆನ್ನು, ಕಾಲು ಎಂಬ ಕ್ರಮ. ಸೇದುವ ಬಾವಿಯಿಂದ ನೀರೆತ್ತಿದವರ ಮೈಗೆ ಈ ವರಸೆ ಅಪರಿಚಿತವಲ್ಲ. ಆದರೆ ಹೊಸ ಯಂತ್ರಕ್ಕೆ ಅಂಗಡಿಯವರು ಹೇಳಿದ ಬೆಲೆ 1,30,000 ರೂಪಾಯಿ. ಪಿಂಚಣಿದಾರನಾದ ನಾನು ಹಳೆಯದನ್ನು ಹುಡುಕಬೇಕಾಯಿತು.

ಹಳೆಯವು ದೊರೆಯುವುದೇನೂ ಕಷ್ಟವಲ್ಲ. 2020ರ ಮಾರ್ಚಿಯಲ್ಲಿ ಮಹಾಮಾರಿಯ ದೆಸೆಯಿಂದ ವ್ಯಾಯಾಮಶಾಲೆಗಳು ಮುಚ್ಚಿದಾಗ ಉಳ್ಳವರು ಮನೆಗೇ ಯಂತ್ರಗಳನ್ನು ತರಿಸಿಕೊಂಡರು. ಬಾಗಿಲು ತೆರೆದ ಮೇಲೆ ಎಷ್ಟೋ ಯಂತ್ರಗಳು ಬಟ್ಟೆ ಒಣಗಿಸುವ ಗೂಟಗಳಾದವು. ಕಷ್ಟವಿರುವುದು ಪರೀಕ್ಷೆಯಲ್ಲಿ. ಈ ವಿಷಯದಲ್ಲಿ ನನಗೆ ಗುರುವಾದದ್ದು ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ. ಅಲ್ಲಿ ಹಳ್ಳಿಕಾರ್ ಎತ್ತನ್ನು ಕೊಳ್ಳುವ ರೈತ ಕೊಂಬಿನ ಬಣ್ಣಕ್ಕೆ ಮರುಳಾಗುವುದಿಲ್ಲ. ಬಾಯಿ ತೆರೆಸಿ ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದೆಯೋ ಎಂದು ನೋಡುತ್ತಾನೆ. ಬೆನ್ನು ಸವರುತ್ತಾನೆ, ನಡೆಸಿ ನೋಡುತ್ತಾನೆ. ಆಮೇಲೆಯೇ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆಯ ಮಾತು.

ಯಂತ್ರಕ್ಕೂ ಹಲ್ಲುಗಳುಂಟು. ಮೊದಲು ಅದರ ಜಾತಿಯನ್ನು ಕೇಳಬೇಕು. ಎಣ್ಣೆಯ ಕೊಳವೆಯಿಂದ ತಡೆ ಕೊಡುವ ಅಗ್ಗದ ಯಂತ್ರ ಎಳೆದಷ್ಟೂ ಬಿಸಿಯಾಗಿ ಸಡಿಲವಾಗುತ್ತದೆ, ಕ್ರಮೇಣ ಸೋರುತ್ತದೆ. ಅದನ್ನು ಹಳೆಯದಾಗಿ ಕೊಳ್ಳದಿರುವುದೇ ಮೇಲು. ಅಯಸ್ಕಾಂತದ ಯಂತ್ರ ಸದ್ದಿಲ್ಲದ್ದು. ನೀರಿನ ತೊಟ್ಟಿಯ ಯಂತ್ರ ನೋಡಲು ಚೆಲುವಾದದ್ದು. ತೊಟ್ಟಿಯಲ್ಲಿ ಬಿರುಕು, ಪಾಚಿ ಇವೆಯೇ ಎಂದು ನೋಡಬೇಕು. ಗಾಳಿ ಚಕ್ರದ ಯಂತ್ರ ಗದ್ದಲದ್ದಾದರೂ ದೀರ್ಘಾಯು. ಅದರ ಸವೆಯುವ ಭಾಗಗಳನ್ನೆಲ್ಲ ಒಂದೊಂದಾಗಿ ಬದಲಾಯಿಸಬಹುದು. ನಾನು ಅರಸಿದ್ದು ಅದನ್ನೇ.

ಆಮೇಲೆ ಅಂಗಾಂಗ ಪರೀಕ್ಷೆ. ಪೀಠ ಜಾರುವ ಕಂಬಿಯ ಮೇಲೆ ಬೆರಳಾಡಿಸಿದರೆ ತಗ್ಗುಗಳು ತಿಳಿಯುತ್ತವೆ. ಪೀಠ ಸರಿಯುವಾಗ ದಡದಡ ಎಂದರೆ ಉರುಳೆಗಳು ಸವೆದಿವೆ. ಸರಪಳಿಯನ್ನು ಹೊರಗೆಳೆದು ತುಕ್ಕನ್ನೂ ಬಿಗಿದ ಕೊಂಡಿಗಳನ್ನೂ ನೋಡಬೇಕು. ಹಿಡಿಯನ್ನು ಕೈಯಲ್ಲೇ ಇಟ್ಟುಕೊಂಡು ಮೆಲ್ಲಗೆ ಮುಂದಕ್ಕೆ ಬಿಟ್ಟರೆ ಅದು ತಾನಾಗಿ ಒಳಗೆ ಸರಿಯಬೇಕು. ಸರಪಳಿ ಜೋತುಬಿದ್ದರೆ ಒಳಗಿನ ರಬ್ಬರಿನ ಹುರಿ ಬಳಲಿದೆ. ಒಮ್ಮೆ ಜೋರಾಗಿ ಎಳೆದಾಗ ಚಕ್ರ ಕೂಡಲೇ ಹಿಡಿಯಬೇಕು. ಜಾರಿ ಹಿಡಿದರೆ ಒಳಗಿನ ಕ್ಲಚ್ಚು ಸವೆದಿದೆ. ಬ್ಯಾಟರಿಯ ಮುಚ್ಚಳ ತೆಗೆದು ಹಸುರು ಕಿಲುಬನ್ನು ಹುಡುಕಬೇಕು.

ಇವೆಲ್ಲಕ್ಕಿಂತ ಹೆಚ್ಚಾಗಿ ಮಾತನಾಡುವುದು ಯಂತ್ರದ ಮುಖದ ಮೇಲಿರುವ ಮಾನಿಟರು. ಎಳೆತಗಳ ನಡುವೆ ಚಕ್ರ ಎಷ್ಟು ಬೇಗ ನಿಧಾನವಾಗುತ್ತದೆ ಎಂಬುದನ್ನು ಅಳೆದು ಅದು ತಡೆಯ ಒಂದು ಸಂಖ್ಯೆಯನ್ನು ಕೊಡುತ್ತದೆ. ಗಾಳಿಯ ಕಿಂಡಿಯನ್ನು 10ಕ್ಕೆ ಪೂರ್ತಿ ತೆರೆದು ಎಳೆದರೆ, ಶುಚಿಯಾದ ಯಂತ್ರ ಸಮುದ್ರಮಟ್ಟದಲ್ಲಿ 200ರ ಆಸುಪಾಸು ತೋರಿಸುತ್ತದೆ. ಸುಮಾರು 900 ಮೀಟರ್ ಎತ್ತರದ ನಮ್ಮ ಪ್ರಸ್ಥಭೂಮಿಯಲ್ಲಿ ಗಾಳಿ ತುಸು ತೆಳುವಾದ್ದರಿಂದ ಸಂಖ್ಯೆಯೂ ತುಸು ಇಳಿಯುವುದು ಸಹಜ. ಬಹಳ ಕೆಳಗೆ ಇಳಿದಿದ್ದರೆ ಗೂಡಿನೊಳಗೆ ಧೂಳು ತುಂಬಿದೆ ಎಂದರ್ಥ. ಮಾನಿಟರು ತಾನು ಕಂಡ ಒಟ್ಟು ಮೀಟರುಗಳ ಲೆಕ್ಕವನ್ನೂ ಇಟ್ಟಿರುತ್ತದೆ. ದಿನಕ್ಕೆ 5,000 ಮೀಟರಿನಂತೆ ವರ್ಷದಲ್ಲಿ 200 ದಿನ ಎಳೆದವನು 10 ಲಕ್ಷ ಮೀಟರ್ ಮುಗಿಸುತ್ತಾನೆ. ಆದರೆ ಒಂದು ಎಚ್ಚರಿಕೆ: ಇದು ಮಾನಿಟರು ಕಂಡ ಲೆಕ್ಕವೇ ಹೊರತು ಯಂತ್ರ ನಡೆದ ಲೆಕ್ಕವಲ್ಲ. ಮಾನಿಟರನ್ನು ಬದಲಾಯಿಸಿದ್ದರೆ ಮುದಿ ಎತ್ತಿಗೆ ಕರುವಿನ ಹಲ್ಲು ಕಟ್ಟಿದಂತೆ.

ಇನ್ನು ಬೆಲೆಯ ಮಾತು. ನಾನು ನೋಡಿದ ಮೊದಲ ಯಂತ್ರದ ಒಡೆಯರು ತಾವು ಕೊಟ್ಟ ಹಣವೆಲ್ಲ ಮರಳಿ ಬರಬೇಕೆಂದರು. ಅವರು ಕೇಳಿದ್ದು ಯಂತ್ರದ ಬೆಲೆಯನ್ನಲ್ಲ, ತಮ್ಮ ಪಶ್ಚಾತ್ತಾಪದ ಬೆಲೆಯನ್ನು. ಅದನ್ನು ತೆರುವುದು ಕೊಳ್ಳುವವನ ಕರ್ತವ್ಯವಲ್ಲ. ಎರಡನೆಯದು ಮುಚ್ಚಿಹೋದ ಒಂದು ವ್ಯಾಯಾಮಶಾಲೆಯದು. ಬಣ್ಣ ಹೊಸದು, ಮಾನಿಟರೂ ಹೊಸದು, ಉರುಳೆಗಳು ಮಾತ್ರ ಸವೆದು ಚಪ್ಪಟೆಯಾಗಿದ್ದವು. ನಮಸ್ಕಾರ ಹೇಳಿ ಬಂದೆ.

ಮೂರನೆಯದು ದೇವನಹಳ್ಳಿಯ ಆಚೆಯ ಒಂದು ಬಡಾವಣೆಯಲ್ಲಿತ್ತು. ಮನೆಯೊಡೆಯರು ತೀರಿಕೊಂಡು ವರ್ಷವಾಗಿತ್ತು. ಅವರ ಪತ್ನಿ ಮಾರಲು ಮುಂದಾಗಿದ್ದರು. ಯಂತ್ರ 2012ರದು. ಮಾನಿಟರು ತೋರಿಸಿದ್ದು 14 ಲಕ್ಷ ಮೀಟರ್. ಆಕೆ ಒಂದು ನೋಟುಪುಸ್ತಕವನ್ನು ತಂದು ತೋರಿಸಿದರು. ಅದರಲ್ಲಿ ಆ ಮಹನೀಯರು ದಿನದಿನವೂ ಎಳೆದ ಮೀಟರುಗಳನ್ನು ಅಚ್ಚುಕಟ್ಟಾಗಿ ಬರೆದಿಟ್ಟಿದ್ದರು. ಕೊನೆಯ ಮೊತ್ತ ಮಾನಿಟರಿನ ಲೆಕ್ಕಕ್ಕೆ ಬಹುಮಟ್ಟಿಗೆ ಸರಿಹೊಂದಿತು. ಸರಪಳಿಗೆ ಎಣ್ಣೆ ಹಾಕಿದ ತಾರೀಖುಗಳೂ ಅಲ್ಲಿದ್ದವು. ಇದಕ್ಕಿಂತ ಒಳ್ಳೆಯ ಜಾತಕ ಯಾವ ಎತ್ತಿಗೂ ಸಿಕ್ಕಲಾರದು. ಎಷ್ಟು ಕೊಡಬೇಕೆಂದು ಕೇಳಿದೆ. ಇಪ್ಪತ್ತು ಸಾವಿರವಾದರೆ ಸಾಕು ಎಂದರು.

ನನ್ನ ಲೆಕ್ಕ ಬೇರೆಯಾಗಿತ್ತು. ಹೊಸದರ ಅರ್ಧ ಬೆಲೆ 65,000. ಹೊಸ ಸರಪಳಿಗೂ ಹುರಿಗೂ 7,000 ಕಳೆಯಬೇಕು; ಹಳೆಯ ಮಾದರಿಯ ಮಾನಿಟರಿಗಾಗಿ 6,000, ಸಾಗಣೆಗೆ 2,000. ಉಳಿಯುವುದು 50,000. ನನ್ನ ಕೈಯಲ್ಲಿದ್ದುದೂ ಅಷ್ಟೇ. ಈಗ ಏನು ಮಾಡಬೇಕು? ಕೇಳಿದ ಬೆಲೆಯನ್ನು ಕೊಟ್ಟು ಸುಮ್ಮನೆ ಹೊತ್ತು ತಂದರೆ ಕಾನೂನಿನಲ್ಲಿ ತಪ್ಪಿಲ್ಲ. ವ್ಯಾಪಾರಂ ದ್ರೋಹ ಚಿಂತನಂ ಎಂಬ ಗಾದೆ ಬೇರೆ ಬೆನ್ನು ತಟ್ಟಲು ಸಿದ್ಧವಾಗಿದೆ. ಆಕೆಗೆ ಬೆಲೆ ತಿಳಿಯದಿದ್ದರೆ ತಿಳಿಸುವ ಹೊಣೆ ಕೊಳ್ಳುವವನದೇ?

ನಾನು ಹೀಗೆ ವಿಚಾರ ಮಾಡಿದೆ. ಸರಪಳಿಯಲ್ಲಿ ತುಕ್ಕು ಕಂಡಿದ್ದರೆ ನಾನು ಬಾಯಿ ಮುಚ್ಚಿಕೊಂಡಿರುತ್ತಿದ್ದೆನೆ? ಇಲ್ಲ, ತೋರಿಸಿ ಬೆಲೆ ಇಳಿಸುತ್ತಿದ್ದೆ. ಎಂದಮೇಲೆ, ಅದೇ ಕಣ್ಣಿಗೆ ಕಂಡ ಒಳ್ಳೆಯ ಗುಣವನ್ನು ಮಾತ್ರ ಬಚ್ಚಿಡುವುದು ಹೇಗೆ? ಕಂಡ ದೋಷವನ್ನೆಲ್ಲ ಹೇಳಿ ಕಂಡ ಗುಣವನ್ನು ನುಂಗಿಕೊಂಡರೆ ಅದು ಪರೀಕ್ಷೆಯಲ್ಲ, ತಕ್ಕಡಿಯ ಒಂದು ತಟ್ಟೆಗೆ ಮೇಣ ಮೆತ್ತಿದಂತೆ. ಕಸುಬಿನಲ್ಲಿ ಪಳಗಿದ ದಲ್ಲಾಳಿಗಳಿಬ್ಬರು ಒಬ್ಬರನ್ನೊಬ್ಬರು ಸೋಲಿಸಲಿ, ಅದು ಪಂದ್ಯ. ಒಬ್ಬರಿಗೆ ಆಟವೇ ತಿಳಿಯದಿರುವಲ್ಲಿ ಗೆದ್ದೆನೆಂದುಕೊಳ್ಳುವುದರಲ್ಲಿ ಏನು ಸುಖ?

ನನ್ನ ಲೆಕ್ಕವನ್ನು ಕಾಗದದ ಮೇಲೆ ಬರೆದು ಆಕೆಯ ಮುಂದಿಟ್ಟೆ. ಕೊಳ್ಳುವವನೇ ಬೆಲೆ ಏರಿಸಿದರೆ ಮಾರುವವರಿಗೆ ಅನುಮಾನ ಬರದೆ ಇದ್ದೀತೆ? ಈ ಯಂತ್ರದಲ್ಲಿ ತಮಗೆ ತಿಳಿಯದ ಇನ್ನೇನೋ ಇದೆಯೆಂದು ಆಕೆ ಭಾವಿಸಿದಂತೆ ತೋರಿತು. ಬೇರೆ ಇಬ್ಬರನ್ನು ವಿಚಾರಿಸಿ ನೋಡಿ ಎಂದು ಹೇಳಿ ಬಂದೆ. ನಾಲ್ಕು ದಿನ ನನಗೆ ನಿದ್ರೆ ಅಷ್ಟಾಗಿ ಹತ್ತಲಿಲ್ಲ. ಅಷ್ಟರಲ್ಲಿ ಬೇರೆ ಯಾರಾದರೂ ಅರುವತ್ತು ಸಾವಿರ ಕೊಟ್ಟು ಒಯ್ದರೆ ನನ್ನ ನ್ಯಾಯ ನನ್ನ ಮಂಡಿಗೇ ಮುಳುವಾಗುತ್ತಿತ್ತು. ಐದನೆಯ ದಿನ ಆಕೆಯ ಮಗ ದೂರವಾಣಿಯಲ್ಲಿ ಕರೆದು, ವಿಚಾರಿಸಿದ್ದೇವೆ, ನೀವು ಹೇಳಿದ್ದು ಸರಿಯೇ ಇದೆ ಎಂದರು. ಹಣ ಎಣಿಸುವ ಹೊತ್ತಿಗೆ ತಾಯಿ ನಲವತ್ತೈದಕ್ಕಿಂತ ಹೆಚ್ಚು ಬೇಡವೆಂದು ಪಟ್ಟು ಹಿಡಿದರು. ಹೇಳಿದವರೇ ನೀವಲ್ಲವೇ ಎಂಬುದು ಅವರ ವಾದ. ಜಾತ್ರೆಯ ದಲ್ಲಾಳಿಗಳು ಕೇಳಿದ್ದರೆ ನಮ್ಮಿಬ್ಬರಿಗೂ ಬುದ್ಧಿಯಿಲ್ಲವೆಂದು ತೀರ್ಮಾನಿಸುತ್ತಿದ್ದರು. ಯಂತ್ರ ಎರಡು ಭಾಗವಾಗಿ ಬಿಚ್ಚಿಕೊಂಡು ಲಗೇಜ್ ಆಟೋ ಏರಿತು. ನೋಟುಪುಸ್ತಕವನ್ನು ಮಾತ್ರ ಆಕೆ ಕೊಡಲಿಲ್ಲ. ಅದಕ್ಕೆ ಬೆಲೆ ಕಟ್ಟುವ ಪ್ರಶ್ನೆಯೂ ಇರಲಿಲ್ಲ.

ನ್ಯಾಯದ ಬೆಲೆಯೆಂದರೆ ಅತಿ ಕಡಿಮೆಯ ಬೆಲೆಯಲ್ಲ, ಅತಿ ಹೆಚ್ಚಿನದೂ ಅಲ್ಲ. ವಸ್ತುವಿನ ಬಗ್ಗೆ ಕೊಳ್ಳುವವನಿಗೆ ತಿಳಿದದ್ದೆಲ್ಲ ಮಾರುವವರಿಗೂ, ಮಾರುವವರಿಗೆ ತಿಳಿದದ್ದೆಲ್ಲ ಕೊಳ್ಳುವವನಿಗೂ ತಿಳಿದ ಮೇಲೆ ಇಬ್ಬರೂ ಒಪ್ಪುವ ಬೆಲೆ ಅದು. ಅದನ್ನು ಕಂಡುಹಿಡಿಯಲು ಕಂಬಿಯನ್ನೂ ಸರಪಳಿಯನ್ನೂ ಮುಟ್ಟಿ ನೋಡಲೇಬೇಕು. ನೋಡದೆ ಕೊಡುವುದು ಔದಾರ್ಯವಲ್ಲ, ಸೋಮಾರಿತನ. ನೋಡಿದ್ದನ್ನು ಹೇಳುವುದು ಅದರ ಇನ್ನರ್ಧ. ಹಳೆಯ ಸೈಕಲ್ಲಾಗಲಿ, ಹೊಲಿಗೆ ಯಂತ್ರವಾಗಲಿ, ಹಾಲು ಕರೆಯುವ ಹಸುವಾಗಲಿ, ಕೊಳ್ಳಲು ಹೊರಟವರು ಈ ಎರಡು ಅರ್ಧಗಳನ್ನೂ ಕೂಡಿಸಿ ನೋಡಬೇಕೆಂಬುದು ನನ್ನ ಅರಿಕೆ. ಮುಂದೆ ಸಂತೆಯಲ್ಲೋ ಬಸ್ ನಿಲ್ದಾಣದಲ್ಲೋ ಮಾರಿದವರು ಎದುರಾದಾಗ ಮುಖ ತಿರುಗಿಸದೆ, ನಿಂತು ಯೋಗಕ್ಷೇಮ ಕೇಳುವಷ್ಟು ಸಲಿಗೆ ಉಳಿದಿದ್ದರೆ ವ್ಯಾಪಾರ ಸರಿಯಾಗಿ ನಡೆಯಿತೆಂದೇ ತಿಳಿಯಬಹುದು.